ಹಳೇ ಟ್ಯಾಬ್‌ನಲ್ಲೂ ಅದೇ ಅಲೆ

ನನ್ನ ಸ್ನೇಹಿತೆಯೊಬ್ಬಳು ಹೈಸ್ಕೂಲ್ ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತಾಳೆ. ಅವಳ ಪಾಠಕ್ಕೆ ನಾನೊಂದು ಅಲೆ ತೊಟ್ಟಿ ಮಾಡಿಕೊಟ್ಟಿದ್ದೆ. ಬ್ರೌಸರ್‌ನಲ್ಲಿ ಓಡುವ ತೊಟ್ಟಿ. ನೀರಿನ ಮೇಲೆ ಬೆರಳಿಟ್ಟರೆ ಅಲೆ ಏಳುತ್ತದೆ. ಎರಡು ಕಡೆಯಿಂದ ಅಲೆ ಎಬ್ಬಿಸಿದರೆ ಅವು ಒಂದರ ಮೇಲೊಂದು ಬೀಳುತ್ತವೆ. ಕೆಲವು ಕಡೆ ನೀರು ಜೋರಾಗಿ ಕುಣಿಯುತ್ತದೆ, ಕೆಲವು ಕಡೆ ಅಲುಗಾಡದೆ ನಿಲ್ಲುತ್ತದೆ. ಪುಸ್ತಕದಲ್ಲಿ ವ್ಯತಿಕರಣ ಅಂತ ಓದುವುದನ್ನು ಮಕ್ಕಳು ಇಲ್ಲಿ ಕಣ್ಣಾರೆ ನೋಡಬಹುದು.

ನನ್ನ ಲ್ಯಾಪ್‌ಟಾಪ್‌ನಲ್ಲಿ ಅದು ಸೊಗಸಾಗಿ ಓಡುತ್ತಿತ್ತು. ಬ್ರೌಸರ್‌ನಿಂದ ಗ್ರಾಫಿಕ್ಸ್ ಚಿಪ್ಪನ್ನು (ಜಿಪಿಯು) ದುಡಿಸುವ ಹೊಸ ದಾರಿಯಾದ ವೆಬ್‌ಜಿಪಿಯು ಬಳಸಿ ಬರೆದಿದ್ದೆ. ನೀರಿಗೆ 512×512 ಚೌಕಗಳ ಗ್ರಿಡ್, ಅದರ ಮೇಲೆ ತೇಲುವ 32,768 ಚುಕ್ಕಿಗಳು. ಆದರೆ ಅವಳು ತರಗತಿಯಲ್ಲಿ ತೆರೆದ ದಿನ ಮಕ್ಕಳ ಕೈಯಲ್ಲಿದ್ದ ಸಾಧನಗಳಲ್ಲಿ ಬಂದದ್ದು ಬರೀ ಬಿಳಿ ಪರದೆ. ಎಲ್ಲವೂ ಹಳೇ ಫೋನು, ಹಳೇ ಟ್ಯಾಬು. ‘ಇವು ಕೆಟ್ಟಿಲ್ಲ, ವಿಡಿಯೋ ಎಲ್ಲಾ ಓಡುತ್ತೆ. ನಿನ್ನ ನೀರು ಯಾಕೆ ಓಡಲ್ಲ?’ ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ. ಅವುಗಳಲ್ಲಿ ಮೂರನ್ನು ಅವಳಿಂದ ಇಸ್ಕೊಂಡು ಬಂದು ಕೆಲಸ ಶುರು ಮಾಡಿದೆ. ಆ ಕೆಲಸದ ಟಿಪ್ಪಣಿ ಇದು.

ಮೂರು ಸಾಧನ, ಮೂರು ಕಾಲ

ಮೊದಲು ಹಿನ್ನೆಲೆ. ಬ್ರೌಸರ್‌ನಲ್ಲಿ ಜಿಪಿಯು ಬಳಸಲು ಇಲ್ಲಿಯವರೆಗೆ ಮೂರು ದಾರಿ ಬಂದಿವೆ. 2011ರಲ್ಲಿ ವೆಬ್‌ಜಿಎಲ್ 1 ಬಂತು. ಅದರ ಬುನಾದಿ 2007ರ ಓಪನ್‌ಜಿಎಲ್ ಇಎಸ್ 2.0, ಮೊಬೈಲ್ ಗ್ರಾಫಿಕ್ಸ್‌ನ ಮಾನಕ (ಮುಂದೆ ಬರೀ ಇಎಸ್ ಅನ್ನುತ್ತೇನೆ). 2017ರಲ್ಲಿ ವೆಬ್‌ಜಿಎಲ್ 2 ಬಂತು, ಇಎಸ್ 3.0 ಮೇಲೆ ಕಟ್ಟಿದ್ದು. ವೆಬ್‌ಜಿಪಿಯು 2023ರಲ್ಲಿ ಕ್ರೋಮ್ 113ರ ಜೊತೆ ಜನರ ಕೈಗೆ ಸಿಕ್ಕಿತು. ಅದು ಕೆಳಗೆ ಜಿಪಿಯು ಜೊತೆ ಮಾತಾಡುವ ಹೊಸ ಪದರಗಳಾದ ವಲ್ಕನ್, ಮೆಟಲ್ ಅಥವಾ ಡೈರೆಕ್ಟ್3ಡಿ 12 ಇದೆ ಅಂದುಕೊಂಡು ರೂಪುಗೊಂಡದ್ದು. ವಲ್ಕನ್ ಹುಟ್ಟಿದ್ದೇ 2016ರಲ್ಲಿ. ಇವುಗಳಲ್ಲಿ ಒಂದೂ ಸಿಗದ ಹಳೇ ಜಿಪಿಯು ಇದ್ದರೆ ಮಾಮೂಲಿ ವೆಬ್‌ಜಿಪಿಯುಗೆ ಅಲ್ಲೇ ಬಾಗಿಲು ಮುಚ್ಚಿತು.

ಯುಎಸ್‌ಬಿ ಕೇಬಲ್ ಹಾಕಿ, ಲ್ಯಾಪ್‌ಟಾಪ್‌ನ ಡೆವ್‌ಟೂಲ್ಸ್‌ನಿಂದ (ಬ್ರೌಸರ್‌ನ ದೋಷ ಹುಡುಕುವ ಸಲಕರಣೆ) ಒಂದೊಂದನ್ನೇ ನೋಡಿದೆ.

ದೊಡ್ಡ ಟ್ಯಾಬ್‌ನಲ್ಲಿ ಆಂಡ್ರಾಯ್ಡ್ 10 ಇದೆ. ಬ್ರೌಸರ್ ಇನ್ನೂ ಅಪ್‌ಡೇಟ್ ಆಗುತ್ತದೆ. ಜಿಪಿಯುಗೆ ಇಎಸ್ 3.1 ಬರುತ್ತದೆ, ಆದರೆ ಮಾಮೂಲಿ ವೆಬ್‌ಜಿಪಿಯು ಕೇಳಿದರೆ ಅಡಾಪ್ಟರ್ (ಬಳಸಬಹುದಾದ ಜಿಪಿಯು) ಇಲ್ಲ ಅನ್ನುತ್ತದೆ.

ಫೋನ್ ಆಂಡ್ರಾಯ್ಡ್ 7ರದ್ದು. ಆ ಆವೃತ್ತಿಗೆ ಕ್ರೋಮ್ 119 ಕೊನೆ. ಆಂಡ್ರಾಯ್ಡ್ ಮೇಲೆ ವೆಬ್‌ಜಿಪಿಯು ಬಂದದ್ದು ಕ್ರೋಮ್ 121ರಲ್ಲಿ, 2024ರ ಆರಂಭದಲ್ಲಿ. ಅದೂ ಆಂಡ್ರಾಯ್ಡ್ 12 ಮತ್ತು ಅದಕ್ಕಿಂತ ಹೊಸ ಸಾಧನಗಳಿಗೆ. ಅಂದರೆ ಈ ಫೋನ್‌ಗೆ ಆ ದಾರಿ ಎಂದಿಗೂ ತೆರೆಯುವುದಿಲ್ಲ. ವೆಬ್‌ಜಿಎಲ್ 2 ಮಾತ್ರ ಇದೆ.

ಪುಟ್ಟ ಟ್ಯಾಬ್ ಎಲ್ಲಕ್ಕಿಂತ ಹಳೇದು, ಆಂಡ್ರಾಯ್ಡ್ 4.4. ಬ್ರೌಸರ್ ಕ್ರೋಮ್ 81ಕ್ಕೇ ನಿಂತಿದೆ. ಜಿಪಿಯು ಇಎಸ್ 2.0 ಕಾಲದ್ದು, ಸಿಗುವುದು ವೆಬ್‌ಜಿಎಲ್ 1. ಇದನ್ನು ಬಿಟ್ಟುಬಿಡು ಅಂತ ಇಬ್ಬರು ಗೆಳೆಯರು ಹೇಳಿದರು. ನನಗೆ ಮನಸ್ಸು ಬರಲಿಲ್ಲ. ಅದನ್ನು ಹಿಡಿದ ಮಗುವಿಗೂ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬರುತ್ತದೆ ಅಲ್ವಾ?

ಯಾವುದಕ್ಕೆ ಕತ್ತರಿ ಹಾಕಬಾರದು

ಹಳೇ ಸಾಧನಕ್ಕೆ ಇಳಿಸುವುದು ಅಂದರೆ ಏನನ್ನೋ ಕಡಿಮೆ ಮಾಡುವುದು. ಕೋಡ್ ಮುಟ್ಟುವ ಮೊದಲು ನಾನು ಒಂದು ಹಾಳೆಯಲ್ಲಿ ಎರಡು ಪಟ್ಟಿ ಬರೆದೆ. ಕಡಿಮೆ ಮಾಡಬಹುದಾದದ್ದು: ಗ್ರಿಡ್‌ನ ಗಾತ್ರ, ಚುಕ್ಕಿಗಳ ಸಂಖ್ಯೆ, ನೀರಿನ ಹೊಳಪು, ಪರದೆಯ ರೆಸಲ್ಯೂಷನ್. ಮುಟ್ಟಬಾರದ್ದು: ಅಲೆಯ ವೇಗ, ತರಂಗಾಂತರ, ನೀರು ನಿಲ್ಲುವ ಜಾಗ. ಪಕ್ಕಪಕ್ಕ ಕೂತ ಇಬ್ಬರು ಮಕ್ಕಳಿಗೆ ಬೇರೆ ಬೇರೆ ಉತ್ತರ ಬಂದರೆ ಪಾಠವೇ ಸುಳ್ಳಾಗುತ್ತದೆ.

ನನ್ನ ಮೂಲ ಕೋಡ್ ಈ ಪರೀಕ್ಷೆಯಲ್ಲೇ ಸೋತಿತ್ತು. ಅಲೆ ಎಷ್ಟು ಮುಂದೆ ಹೋಗಬೇಕು ಅನ್ನುವುದನ್ನು ಫ್ರೇಮ್‌ಗೆ, ಅಂದರೆ ಪರದೆಯ ಒಂದೊಂದು ಹೊಸ ಚಿತ್ರಕ್ಕೆ, ಕಟ್ಟಿಹಾಕಿದ್ದೆ. ಸೆಕೆಂಡಿಗೆ 60 ಫ್ರೇಮ್ ಓಡುವ ಲ್ಯಾಪ್‌ಟಾಪ್‌ನಲ್ಲಿ ಅಲೆ ತೊಟ್ಟಿಯನ್ನು ಸುಮಾರು 4.3 ಸೆಕೆಂಡಿನಲ್ಲಿ ದಾಟುತ್ತಿತ್ತು. 30 ಫ್ರೇಮ್ ಓಡುವ ಸಾಧನದಲ್ಲಿ ಅದೇ ಅಲೆಗೆ 8.5 ಸೆಕೆಂಡ್ ಬೇಕಾಗುತ್ತಿತ್ತು.

ಸರಿಪಡಿಸಿದ್ದು ಹೀಗೆ. ಪ್ರತಿ ಚೌಕಕ್ಕೂ ನೀರಿನ ಎತ್ತರ, ಅದು ಏರಿಳಿಯುವ ವೇಗ ಎರಡೂ ಇರುತ್ತವೆ. ಒಂದು ಹೆಜ್ಜೆಯಲ್ಲಿ ಅಕ್ಕಪಕ್ಕದ ನಾಲ್ಕು ಚೌಕಗಳ ಎತ್ತರ ಕೂಡಿಸಿ, ತನ್ನ ಎತ್ತರದ ನಾಲ್ಕು ಪಟ್ಟನ್ನು ಕಳೆದು, 0.25ರಿಂದ ಗುಣಿಸಿ ವೇಗಕ್ಕೆ ಸೇರಿಸಬೇಕು. ಆಮೇಲೆ ಆ ವೇಗವನ್ನು ಎತ್ತರಕ್ಕೆ ಸೇರಿಸಬೇಕು. ಇಷ್ಟೇ ಲೆಕ್ಕ. 0.25 ಅಂದರೆ ಅಲೆ ಒಂದು ಹೆಜ್ಜೆಗೆ ಅರ್ಧ ಚೌಕ ಸಾಗುತ್ತದೆ. ಈ ಸಂಖ್ಯೆ 0.5 ದಾಟಿದರೆ ಲೆಕ್ಕ ಸಿಡಿದು ಪರದೆ ತುಂಬಾ ಕಸ ಬರುತ್ತದೆ.

ಈಗ ಮಜಾ ನೋಡಿ. ಗ್ರಿಡ್ 512 ಇದ್ದಾಗ ಸೆಕೆಂಡಿನ 1/60 ಭಾಗದಲ್ಲಿ 4 ಹೆಜ್ಜೆ ಹಾಕಬೇಕು. 256 ಇದ್ದಾಗ 2 ಸಾಕು. 128 ಇದ್ದಾಗ ಒಂದೇ ಹೆಜ್ಜೆ. ಮೂರರಲ್ಲೂ ಅಲೆಯ ವೇಗ ಒಂದೇ! ಆದರೆ ಕೆಲಸ? 512ರಲ್ಲಿ 10,48,576 ಚೌಕಗಳ ಲೆಕ್ಕ, 128ರಲ್ಲಿ 16,384. ಅರವತ್ನಾಲ್ಕು ಪಟ್ಟು ಕಡಿಮೆ. ಈ ಲೆಕ್ಕ ಹಾಳೆಯ ಮೇಲೆ ಬಂದ ಹೊತ್ತಿಗೆ ಪುಟ್ಟ ಟ್ಯಾಬ್ ಬಗ್ಗೆ ನನಗೆ ಧೈರ್ಯ ಬಂತು.

ಫ್ರೇಮ್ ತಡವಾದರೆ ಕಳೆದ ಸಮಯವನ್ನು ಕೂಡಿಟ್ಟು, ಅಷ್ಟಕ್ಕೆ ಎಷ್ಟು ಹೆಜ್ಜೆ ಬೇಕೋ ಅಷ್ಟು ಹಾಕುತ್ತೇನೆ. ಆದರೆ ಒಂದು ಮಿತಿ ಇಟ್ಟಿದ್ದೇನೆ. ಇಲ್ಲದಿದ್ದರೆ ತಡವಾದ ಫ್ರೇಮ್ ಜಾಸ್ತಿ ಹೆಜ್ಜೆ ಕೇಳುತ್ತದೆ, ಜಾಸ್ತಿ ಹೆಜ್ಜೆ ಮುಂದಿನ ಫ್ರೇಮನ್ನು ಇನ್ನೂ ತಡ ಮಾಡುತ್ತದೆ, ಕೊನೆಗೆ ಪುಟವೇ ನಿಂತುಹೋಗುತ್ತದೆ.

ಇನ್ನೊಂದು ವಿಷಯಕ್ಕೂ ಹುಷಾರಾಗಿರಬೇಕು. ಒರಟು ಗ್ರಿಡ್‌ನಲ್ಲಿ ಚಿಕ್ಕ ಅಲೆಗಳು ನಿಜಕ್ಕಿಂತ ನಿಧಾನ ಸಾಗುತ್ತವೆ. ಒಂದು ತರಂಗಾಂತರಕ್ಕೆ ಹತ್ತು ಚೌಕವಾದರೂ ಇರಲಿ ಅಂತ ಇಟ್ಟುಕೊಂಡೆ. ಹಾಗಾಗಿ ಮಕ್ಕಳು ಆರಿಸಬಹುದಾದ ಅತಿ ಚಿಕ್ಕ ತರಂಗಾಂತರವನ್ನು ತೊಟ್ಟಿಯ ಅಗಲದ ಹತ್ತನೇ ಒಂದು ಭಾಗಕ್ಕೆ ನಿಲ್ಲಿಸಿದೆ. ಲ್ಯಾಪ್‌ಟಾಪ್‌ನಲ್ಲೂ ಅದೇ ಮಿತಿ.

ದೊಡ್ಡ ಟ್ಯಾಬ್: ಹೊಂದಾಣಿಕೆಯ ದಾರಿ

ವೆಬ್‌ಜಿಪಿಯುಗೆ ಕಂಪ್ಯಾಟಿಬಿಲಿಟಿ ಮೋಡ್ ಅಂತ ಒಂದು ದಾರಿ ಇದೆ. ಅಡಾಪ್ಟರ್ ಕೇಳುವಾಗ ಫೀಚರ್‌ಲೆವೆಲ್ ಅನ್ನುವ ಜಾಗದಲ್ಲಿ ‘ಕಂಪ್ಯಾಟಿಬಿಲಿಟಿ’ ಅಂತ ಬರೆದರೆ, ಇಎಸ್ 3.1 ಅಥವಾ ಡೈರೆಕ್ಟ್3ಡಿ 11 ಇರುವ ಸಾಧನದಲ್ಲೂ ವೆಬ್‌ಜಿಪಿಯು ಸಿಗಬಹುದು. ಕರೆಗಳು (ಎಪಿಐ) ಅದೇ, ಜಿಪಿಯು ಮೇಲೆ ಓಡುವ ಪುಟ್ಟ ಪ್ರೋಗ್ರಾಂ ಆದ ಶೇಡರ್‌ನ ಭಾಷೆ ಅದೇ. ಆದರೆ ಕೆಲವು ಸೌಲಭ್ಯ ಇರುವುದಿಲ್ಲ. ಹೊಸ ಸಾಧನವಾದರೆ ಸಿಕ್ಕ ಅಡಾಪ್ಟರ್‌ನ ಫೀಚರ್ ಪಟ್ಟಿಯಲ್ಲಿ ‘ಕೋರ್ ಫೀಚರ್ಸ್ ಅಂಡ್ ಲಿಮಿಟ್ಸ್’ ಅನ್ನುವುದು ಕಾಣುತ್ತದೆ. ಅದು ಇದ್ದರೆ ಕೇಳಿ ಪಡೆದು ಪೂರ್ತಿ ವೆಬ್‌ಜಿಪಿಯು ಬಳಸಬಹುದು. ಒಂದೇ ಕೋಡ್‌ನಲ್ಲಿ ಎರಡೂ ಆಗುತ್ತದೆ.

ಟ್ಯಾಬ್‌ನಲ್ಲಿ ಅಡಾಪ್ಟರ್ ಸಿಕ್ಕಿತು. ಖುಷಿಯಿಂದ ಓಡಿಸಿದೆ. ಸಾಲಾಗಿ ನಾಲ್ಕು ದೋಷ ಬಂದವು.

ಮೊದಲನೆಯದು ಸುಲಭದ್ದು. ನನ್ನ ಕಂಪ್ಯೂಟ್ ಶೇಡರ್‌ನ (ಚಿತ್ರ ಬಳಿಯದೆ ಲೆಕ್ಕ ಮಾತ್ರ ಮಾಡುವುದು) ವರ್ಕ್‌ಗ್ರೂಪ್, ಅಂದರೆ ಒಟ್ಟಿಗೆ ಓಡುವ ಲೆಕ್ಕಗಳ ಗುಂಪು, 16×16, ಒಟ್ಟು 256. ಹೊಂದಾಣಿಕೆಯ ಮೋಡ್ ಖಚಿತವಾಗಿ ಕೊಡುವುದು 128 ಮಾತ್ರ. 8×8 ಮಾಡಿದೆ. ಲ್ಯಾಪ್‌ಟಾಪ್‌ನಲ್ಲಿ ಇದರಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ, ಮೊದಲೇ ಹೀಗೆ ಬರೆಯಬಹುದಿತ್ತು.

ಎರಡನೆಯದು ಟೆಕ್ಸ್ಚರ್‌ನ (ಜಿಪಿಯು ಮೆಮರಿಯಲ್ಲಿ ಸಂಖ್ಯೆಗಳನ್ನು ಚಿತ್ರದಂತೆ ಇಡುವ ಜಾಗ) ಫಾರ್ಮ್ಯಾಟ್. ಎತ್ತರ, ವೇಗ ಎರಡೇ ಸಂಖ್ಯೆ ಬೇಕಿದ್ದರಿಂದ ಎರಡು ಚಾನಲ್‌ನ 32 ಬಿಟ್ ಫ್ಲೋಟ್ (ದಶಮಾಂಶ ಸಂಖ್ಯೆ) ಬಳಸಿದ್ದೆ. ಇಎಸ್ 3.1ರಲ್ಲಿ ಶೇಡರ್ ನೇರವಾಗಿ ಬರೆಯಬಹುದಾದ ಫಾರ್ಮ್ಯಾಟ್‌ಗಳ ಪಟ್ಟಿಯಲ್ಲಿ ಅದು ಇಲ್ಲ. ಒಂದು ಚಾನಲ್ ಇದೆ, ನಾಲ್ಕು ಚಾನಲ್ ಇದೆ, ಎರಡು ಮಾತ್ರ ಇಲ್ಲ. ನಾಲ್ಕಕ್ಕೆ ಹೋದರೆ ಒಂದು ಟೆಕ್ಸ್ಚರ್ 2 ಎಂಬಿಯಿಂದ 4 ಎಂಬಿ ಆಗುತ್ತದೆ. ಎರಡು ಟೆಕ್ಸ್ಚರ್ ಬೇಕು, ಹಾಗಾಗಿ 8. ಸದ್ಯಕ್ಕೆ ಒಪ್ಪಿಕೊಂಡೆ.

ಮೂರನೆಯದು ಆ ಎರಡು ಟೆಕ್ಸ್ಚರ್‌ಗಳದ್ದೇ. ಒಂದನ್ನು ಓದಿ ಇನ್ನೊಂದಕ್ಕೆ ಬರೆಯುವುದು, ಮುಂದಿನ ಹೆಜ್ಜೆಯಲ್ಲಿ ಅದಲು ಬದಲು. ನಾನು ಒಂದೇ ಟೆಕ್ಸ್ಚರ್‌ನಲ್ಲಿ ಎರಡು ಪದರ ಇಟ್ಟು, ಬೇಕಾದ ಪದರ ಮಾತ್ರ ಆರಿಸಿ ಶೇಡರ್‌ಗೆ ಕೊಡುತ್ತಿದ್ದೆ. ಹೊಂದಾಣಿಕೆಯ ಮೋಡ್‌ನಲ್ಲಿ ಹಾಗೆ ಒಂದು ಪದರ ಆರಿಸಿ ಕೊಡುವಂತಿಲ್ಲ, ಕೊಟ್ಟರೆ ಎಲ್ಲ ಪದರಗಳನ್ನೂ ಕೊಡಬೇಕು. ಎರಡು ಬೇರೆ ಬೇರೆ ಟೆಕ್ಸ್ಚರ್ ಮಾಡಿದೆ. ಕೋಡ್ ಇನ್ನೂ ಸರಳವಾಯಿತು.

ನಾಲ್ಕನೆಯದು ನನ್ನ ಅರ್ಧ ದಿನ ತಿಂದಿತು. ಚುಕ್ಕಿಗಳ ಜಾಗವನ್ನು ವರ್ಟೆಕ್ಸ್ ಶೇಡರ್ (ಬಿಂದುಗಳನ್ನು ಪರದೆಯ ಮೇಲೆ ಕೂರಿಸುವುದು) ಒಂದು ಸ್ಟೋರೇಜ್ ಬಫರ್‌ನಿಂದ (ಜಿಪಿಯು ಮೆಮರಿಯಲ್ಲಿನ ಸಂಖ್ಯೆಗಳ ಸಾಲು) ಓದುತ್ತಿತ್ತು. ಹಳೇ ಜಿಪಿಯುಗಳಲ್ಲಿ ವರ್ಟೆಕ್ಸ್ ಹಂತಕ್ಕೆ ಸಿಗುವ ಸ್ಟೋರೇಜ್ ಬಫರ್‌ಗಳ ಸಂಖ್ಯೆ ಸೊನ್ನೆ ಇರಬಹುದು. ಈ ಟ್ಯಾಬ್‌ನಲ್ಲಿ ಸೊನ್ನೆಯೇ. ಬೇರೆ ದಾರಿ ಹುಡುಕುತ್ತಾ ಕೂತಾಗ ಹೊಳೆದದ್ದು ಹಳೇ ಪದ್ಧತಿ. ಅದೇ ಬಫರನ್ನು ವರ್ಟೆಕ್ಸ್ ಬಫರ್ ಅಂತಲೂ ಗುರುತಿಸಿ, ಚುಕ್ಕಿಗೊಂದು ಇನ್‌ಸ್ಟನ್ಸ್‌ನಂತೆ ಕೊಟ್ಟರೆ ಆಯಿತು. ಕಂಪ್ಯೂಟ್ ಶೇಡರ್ ಬರೆದದ್ದನ್ನು ಚಿತ್ರ ಬರೆಯುವ ಹಂತ ಸುಮ್ನೆ ತೆಗೆದುಕೊಳ್ಳುತ್ತದೆ. ಶೇಡರ್‌ನಲ್ಲಿ ಒಂದು ಸಾಲು ಕಡಿಮೆಯೇ ಆಯಿತು.

ಸಂಜೆಗೆ ಟ್ಯಾಬ್‌ನಲ್ಲಿ ನೀರು ಕಂಡಿತು. ಪರದೆ ಮುಟ್ಟಿದೆ, ಬೆರಳ ಸುತ್ತ ಅಲೆ ಎದ್ದಿತು. ಅಷ್ಟು ದಿನ ಲ್ಯಾಪ್‌ಟಾಪ್‌ನಲ್ಲಿ ಮೌಸ್ ಹಿಡಿದು ನೋಡಿದ್ದೇ ಬೇರೆ, ಬೆರಳಲ್ಲಿ ಮುಟ್ಟುವುದೇ ಬೇರೆ.

ಫೋನ್: ಅರ್ಧ ಅಳತೆಯ ಸಂಖ್ಯೆಗಳು

ಫೋನ್‌ನಲ್ಲಿ ಕಂಪ್ಯೂಟ್ ಶೇಡರ್ ಇಲ್ಲವೇ ಇಲ್ಲ. ವೆಬ್‌ಜಿಎಲ್ 2ರಲ್ಲಿ ಅದಕ್ಕೆ ಜಾಗ ಇಲ್ಲ. ಆದರೆ ನೀರಿನ ಲೆಕ್ಕಕ್ಕೆ ಕಂಪ್ಯೂಟ್ ಬೇಕೇ ಬೇಕು ಅಂತೇನಿಲ್ಲ. ಪ್ರತಿ ಚೌಕವನ್ನೂ ಒಂದು ಪಿಕ್ಸೆಲ್ ಅಂದುಕೊಂಡು, ಪರದೆಗೆ ಹೋಗದ ಟೆಕ್ಸ್ಚರ್ ಮೇಲೆ ಒಂದು ದೊಡ್ಡ ತ್ರಿಕೋನ ಬಳಿದರೆ ಫ್ರ್ಯಾಗ್ಮೆಂಟ್ ಶೇಡರ್ ಪ್ರತಿ ಪಿಕ್ಸೆಲ್‌ಗೂ ಓಡುತ್ತದೆ. ಅದರೊಳಗೆ ಅದೇ ನಾಲ್ಕು ಸಾಲಿನ ಲೆಕ್ಕ. ಬರೆದು ಮುಗಿಸಿದ ಮೇಲೆ ಇದನ್ನು ವೆಬ್‌ಜಿಪಿಯು ಆವೃತ್ತಿಗೂ ತಂದೆ. ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಗ ನೀರಿನ ಕಂಪ್ಯೂಟ್ ಶೇಡರನ್ನು ಅಳಿಸಿಯೇ ಬಿಟ್ಟೆ. ಎರಡು ಚಾನಲ್ ಫ್ಲೋಟ್ ವಾಪಸ್ ಬಂತು, 8 ಎಂಬಿ ಮತ್ತೆ 4 ಆಯಿತು. ಪಕ್ಕದ ಚೌಕಗಳನ್ನಷ್ಟೇ ನೋಡುವ ಲೆಕ್ಕಕ್ಕೆ ಹಳೇ ದಾರಿಯೇ ಸಾಕು ಅಂತ ಈಗ ನನಗೆ ಖಾತ್ರಿಯಾಗಿದೆ.

ಆದರೆ ಫೋನ್ 32 ಬಿಟ್ ಫ್ಲೋಟ್ ಟೆಕ್ಸ್ಚರ್‌ಗೆ ಬರೆಯಲು ಒಪ್ಪಲಿಲ್ಲ. ವೆಬ್‌ಜಿಎಲ್ 2ರಲ್ಲಿ ಫ್ಲೋಟ್ ಟೆಕ್ಸ್ಚರ್ ಓದುವುದು ಒಂದು ಮಾತು, ಅದರ ಮೇಲೆ ಬರೆಯುವುದು ಇನ್ನೊಂದು. ಬರೆಯಲು ಬೇರೆ ಎಕ್ಸ್‌ಟೆನ್ಷನ್ (ಸಾಧನ ಕೊಟ್ಟರೆ ಮಾತ್ರ ಸಿಗುವ ಹೆಚ್ಚಿನ ಸೌಲಭ್ಯ) ಬೇಕು. ಈ ಫೋನ್‌ನಲ್ಲಿ ಸಿಕ್ಕಿದ್ದು 16 ಬಿಟ್‌ನ ಹಾಫ್ ಫ್ಲೋಟ್‌ನದ್ದು ಮಾತ್ರ. ಗ್ರಿಡ್ 256ಕ್ಕೆ ಇಳಿಸಿ, ಹಾಫ್ ಫ್ಲೋಟ್‌ನಲ್ಲಿ ಓಡಿಸಿದೆ.

ನೀರು ಬಂತು, ಆದರೆ ಅಲೆಯ ಮೇಲೆ ಮರಳು ಚೆಲ್ಲಿದ ಹಾಗೆ ಕಾಣುತ್ತಿತ್ತು. ಕಾರಣ ಹುಡುಕಲು ಎರಡು ರಾತ್ರಿ ಬೇಕಾಯಿತು. ಫೋನ್ ಆವೃತ್ತಿಗೆ ನಾನು ಪುಸ್ತಕದ ಇನ್ನೊಂದು ಸೂತ್ರ ಬಳಸಿದ್ದೆ. ಅದರಲ್ಲಿ ವೇಗ ಇಟ್ಟುಕೊಳ್ಳುವುದಿಲ್ಲ. ಈಗಿನ ಎತ್ತರ, ಹಿಂದಿನ ಎತ್ತರ ಎರಡನ್ನು ಇಟ್ಟುಕೊಂಡು ಅವುಗಳ ವ್ಯತ್ಯಾಸದಿಂದ ಮುಂದಿನದನ್ನು ಕಂಡುಹಿಡಿಯುತ್ತಾರೆ. 32 ಬಿಟ್‌ನಲ್ಲಿ ಎರಡೂ ಸೂತ್ರ ಒಂದೇ. ಹಾಫ್ ಫ್ಲೋಟ್‌ನಲ್ಲಿ ಹಾಗಲ್ಲ. ಅದರಲ್ಲಿ 1ರ ನಂತರ ಬರುವ ಸಂಖ್ಯೆ ಹೆಚ್ಚುಕಡಿಮೆ 1.001. ನಡುವೆ ಏನೂ ಇಲ್ಲ. ಹತ್ತಿರ ಹತ್ತಿರದ ಎರಡು ಎತ್ತರಗಳನ್ನು ಕಳೆದಾಗ ಉಳಿಯುವುದು ಚಿಕ್ಕ ಸಂಖ್ಯೆ. ಅದರಲ್ಲಿ ಬಹುಪಾಲು ಹತ್ತಿರದ ಸಂಖ್ಯೆಗೆ ದುಂಡಾಗಿಸಿದಾಗ ಬಂದ ತಪ್ಪೇ ಇರುತ್ತದೆ. ವೇಗವನ್ನು ಬೇರೆಯಾಗಿ ಇಟ್ಟರೆ ಅದು ಚಿಕ್ಕ ಸಂಖ್ಯೆಯಾಗಿಯೇ ಇರುತ್ತದೆ, ಚಿಕ್ಕ ಸಂಖ್ಯೆಗಳ ಹತ್ತಿರ ಹಾಫ್ ಫ್ಲೋಟ್‌ನ ಗೆರೆಗಳು ಬಹಳ ಒತ್ತಾಗಿವೆ. ಎತ್ತರ–ವೇಗದ ಸೂತ್ರಕ್ಕೆ ಮರಳಿದೆ. ಮರಳು ಮಾಯವಾಯಿತು.

ಆಮೇಲೆ ಇನ್ನೊಂದು ವಿಚಿತ್ರ. ಬೆರಳು ತೆಗೆದು ಹತ್ತು ನಿಮಿಷವಾದರೂ ನೀರು ಶಾಂತವಾಗುತ್ತಿರಲಿಲ್ಲ. ಅಲೆ ಮೆಲ್ಲಗೆ ಸಾಯಲಿ ಅಂತ ಲ್ಯಾಪ್‌ಟಾಪ್‌ನಲ್ಲಿ ಪ್ರತಿ ಹೆಜ್ಜೆಗೂ ವೇಗವನ್ನು 0.9999ರಿಂದ ಗುಣಿಸುತ್ತಿದ್ದೆ. ಫೋನ್‌ನಲ್ಲಿ ಹೆಜ್ಜೆಗಳ ಸಂಖ್ಯೆ ಅರ್ಧ, ಹಾಗಾಗಿ 0.9998. ಈಗ ಲೆಕ್ಕ ಹಾಕಿ. ಹಾಫ್ ಫ್ಲೋಟ್‌ನಲ್ಲಿ ಒಂದು ಸಂಖ್ಯೆಗೂ ಪಕ್ಕದ ಸಂಖ್ಯೆಗೂ ಇರುವ ಅಂತರ, ಅತಿ ಕಡಿಮೆ ಅಂದರೂ ಆ ಸಂಖ್ಯೆಯ ಸುಮಾರು 0.0005 ಭಾಗ. ನಾನು ಕಳೆಯುತ್ತಿದ್ದದ್ದು 0.0002 ಭಾಗ. ಅದು ಅರ್ಧ ಅಂತರಕ್ಕಿಂತಲೂ ಕಡಿಮೆ. ಉತ್ತರವನ್ನು ಹತ್ತಿರದ ಸಂಖ್ಯೆಗೆ ದುಂಡಾಗಿಸಿದಾಗ ಪ್ರತಿ ಸಲವೂ ಅದೇ ಹಳೇ ಸಂಖ್ಯೆ ವಾಪಸ್ ಬರುತ್ತಿತ್ತು! ನಾನು ಹಾಕಿದ ಬ್ರೇಕ್ ಚಕ್ರಕ್ಕೆ ತಾಕುತ್ತಲೇ ಇರಲಿಲ್ಲ.

ಪರಿಹಾರ ಸಣ್ಣದು. ಪ್ರತಿ ಹೆಜ್ಜೆಗೆ ಬದಲು 16 ಹೆಜ್ಜೆಗೊಮ್ಮೆ 0.9968ರಿಂದ ಗುಣಿಸಿದೆ. ಒಟ್ಟು ಪರಿಣಾಮ ಒಂದೇ, ಆದರೆ ಈ ಇಳಿಕೆ ಹಾಫ್ ಫ್ಲೋಟ್‌ನ ಕಣ್ಣಿಗೆ ಬೀಳುವಷ್ಟು ದೊಡ್ಡದು. ನೀರು ಶಾಂತವಾಯಿತು. ಈ ಇಡೀ ಕೆಲಸದಲ್ಲಿ ನನಗೆ ಅತಿ ಇಷ್ಟವಾದ ಕ್ಷಣ ಇದೇ.

ಇದೇ ವೆಬ್‌ಜಿಎಲ್ 2 ಆವೃತ್ತಿಯನ್ನು ದೊಡ್ಡ ಟ್ಯಾಬ್‌ನಲ್ಲೂ ಓಡಿಸಿ ನೋಡಿದಾಗ ನೀರು ಪೂರ್ತಿ ಕಪ್ಪಾಗಿತ್ತು, ದೋಷದ ಸಂದೇಶವೂ ಇಲ್ಲ. ಅಲ್ಲಿ 32 ಬಿಟ್ ಫ್ಲೋಟ್ ಸಿಕ್ಕಿತ್ತು, ಆದರೆ ಅದಕ್ಕೆ ಲೀನಿಯರ್ ಫಿಲ್ಟರ್ (ಅಕ್ಕಪಕ್ಕದ ಸಂಖ್ಯೆಗಳನ್ನು ಬೆರೆಸಿ ಓದುವುದು) ಹಾಕಲು ಇನ್ನೊಂದು ಎಕ್ಸ್‌ಟೆನ್ಷನ್ ಬೇಕು. ಅದಿಲ್ಲದಿದ್ದರೆ ಆ ಟೆಕ್ಸ್ಚರ್ ಅಪೂರ್ಣ ಅಂತಾಗಿ ಕಪ್ಪು ಬರುತ್ತದೆ. ಫಿಲ್ಟರನ್ನು ನಿಯರೆಸ್ಟ್ ಮಾಡಿದ ಮೇಲೆ ಸರಿಯಾಯಿತು. ಕಪ್ಪು ಕಂಡರೆ ಮೊದಲು ಇದನ್ನು ನೋಡಿ.

ಚುಕ್ಕಿಗಳಿಗೆ ಟ್ರಾನ್ಸ್‌ಫಾರ್ಮ್ ಫೀಡ್‌ಬ್ಯಾಕ್ ಬಳಸಿದೆ. ವರ್ಟೆಕ್ಸ್ ಶೇಡರ್ ಲೆಕ್ಕ ಮಾಡಿದ ಹೊಸ ಜಾಗಗಳನ್ನು ನೇರ ಇನ್ನೊಂದು ಬಫರ್‌ಗೆ ಬರೆಯುತ್ತದೆ. ಆ ಹಂತದಲ್ಲಿ ಚಿತ್ರ ಬೇಡ, ಹಾಗಾಗಿ ರಾಸ್ಟರೈಸರನ್ನು (ಪಿಕ್ಸೆಲ್ ಮಾಡುವ ಹಂತ) ಆಫ್ ಮಾಡಿಡಬೇಕು. ಕೆಲಸ ಮುಗಿದ ಮೇಲೆ ಆ ಬಫರನ್ನು ಬಿಡಿಸಲೇಬೇಕು. ಫೀಡ್‌ಬ್ಯಾಕ್‌ಗೆ ಅಂಟಿಕೊಂಡಿರುವ ಬಫರನ್ನೇ ಚಿತ್ರಕ್ಕೂ ಬಳಸಲು ವೆಬ್‌ಜಿಎಲ್ 2 ಬಿಡುವುದಿಲ್ಲ. ಚುಕ್ಕಿಗಳನ್ನು 8,192ಕ್ಕೆ ಇಳಿಸಿದೆ.

ಪುಟ್ಟ ಟ್ಯಾಬ್

ಇಲ್ಲಿ ಮೊದಲ ತೊಂದರೆ ಗ್ರಾಫಿಕ್ಸ್‌ದೇ ಅಲ್ಲ. ನನ್ನ ಸ್ಕ್ರಿಪ್ಟ್‌ನ ಮೊದಲ ಸಾಲುಗಳಲ್ಲಿ, ಯಾವ ಫಂಕ್ಷನ್‌ನ ಒಳಗೂ ಅಲ್ಲದ ಕಡೆ, ಅವೈಟ್ (ಒಂದು ಕೆಲಸ ಮುಗಿಯುವವರೆಗೆ ಕಾಯಿಸುವ ಪದ) ಇತ್ತು. ಅದು ಕ್ರೋಮ್ 89ರಿಂದ ಮಾತ್ರ ನಡೆಯುತ್ತದೆ. ಕ್ರೋಮ್ 81 ಅದನ್ನು ಓದಲಾಗದೆ ಇಡೀ ಫೈಲನ್ನೇ ಪಕ್ಕಕ್ಕಿಟ್ಟಿತು. ‘ನಿಮ್ಮ ಸಾಧನದಲ್ಲಿ ಓಡುವುದಿಲ್ಲ’ ಅನ್ನುವ ಸಂದೇಶವೂ ಅದೇ ಫೈಲ್‌ನಲ್ಲಿತ್ತು, ಹಾಗಾಗಿ ಅದೂ ಕಾಣಲಿಲ್ಲ. ಈ ಟ್ಯಾಬ್‌ನ ಬಿಳಿ ಪರದೆಯ ಗುಟ್ಟು ಇದು.

ಈಗ ಪುಟದಲ್ಲಿ ಮೊದಲು ಓಡುವುದು ಒಂದು ಪುಟ್ಟ ಸ್ಕ್ರಿಪ್ಟ್. ಹಳೇ ಜಾವಾಸ್ಕ್ರಿಪ್ಟ್‌ನಲ್ಲಿ, ವಾರ್ ಮತ್ತು ಮಾಮೂಲಿ ಫಂಕ್ಷನ್ ಬಳಸಿ ಬರೆದದ್ದು. ಅದು ಸಾಧನದ ಹೆಸರು ನೋಡುವುದಿಲ್ಲ, ಕೆಲಸ ಮಾಡಿಸಿ ನೋಡುತ್ತದೆ. 4×4 ಗಾತ್ರದ ಟೆಕ್ಸ್ಚರ್ ಮಾಡಿ, ಅದರ ಮೇಲೆ ಗೊತ್ತಿರುವ ಬಣ್ಣ ಬಳಿದು, ವಾಪಸ್ ಓದಿ, ಸರಿ ಇದೆಯಾ ಅಂತ ಪರೀಕ್ಷಿಸುತ್ತದೆ. ಆಮೇಲೆ ಯಾವ ಫೈಲ್ ಬೇಕೋ ಅದನ್ನು ಮಾತ್ರ ತರಿಸುತ್ತದೆ. ಈ ಪರೀಕ್ಷೆಗೆ ಬೇರೆಯೇ ಕ್ಯಾನ್ವಾಸ್ ಬೇಕು. ಒಮ್ಮೆ ವೆಬ್‌ಜಿಎಲ್ 2 ಕೊಟ್ಟ ಕ್ಯಾನ್ವಾಸ್ ಆಮೇಲೆ ವೆಬ್‌ಜಿಎಲ್ 1 ಕೇಳಿದರೆ ಕೊಡುವುದಿಲ್ಲ.

ಇನ್ನು ಲೆಕ್ಕ. ಈ ಜಿಪಿಯುಗೆ ಫ್ಲೋಟ್ ಟೆಕ್ಸ್ಚರ್ ಇಲ್ಲ, ಹಾಫ್ ಫ್ಲೋಟ್ ಸಹ ಇಲ್ಲ. ಮಾಮೂಲಿ 8 ಬಿಟ್ ಬಣ್ಣ ಮಾತ್ರ. ಎತ್ತರವನ್ನು 16 ಬಿಟ್ ಮಾಡಿ ಕೆಂಪು–ಹಸಿರು ಚಾನಲ್‌ಗಳಲ್ಲಿ, ವೇಗವನ್ನು ನೀಲಿ–ಆಲ್ಫಾದಲ್ಲಿ ಮಡಚಿಡೋಣ ಅಂತ ಹೊರಟೆ. ಬಹಳ ಜನ ಬಳಸಿದ ಉಪಾಯ. ಎರಡು ದಿನ ಹೆಣಗಿದೆ, ನೀರಿನ ಬದಲು ಮೆಟ್ಟಿಲು ಮೆಟ್ಟಿಲಾಗಿ ಏನೋ ಬರುತ್ತಿತ್ತು.

ಕೊನೆಗೆ ಜಿಪಿಯುವನ್ನೇ ಕೇಳಿದೆ. ಗೆಟ್‌ಶೇಡರ್‌ಪ್ರಿಸಿಷನ್‌ಫಾರ್ಮ್ಯಾಟ್ ಅನ್ನುವ ಕರೆ ಇದೆ. ಫ್ರ್ಯಾಗ್ಮೆಂಟ್ ಹಂತದಲ್ಲಿ ಹೈ ಪ್ರಿಸಿಷನ್ ಎಷ್ಟು ಅಂದರೆ ಸೊನ್ನೆ ಅಂದಿತು. ಇರುವುದು ಮೀಡಿಯಂ ಮಾತ್ರ, ಅದರಲ್ಲಿ ನಿಖರತೆಗೆ 10 ಬಿಟ್. ಅಂಥ ಲೆಕ್ಕದಲ್ಲಿ 2048ರ ನಂತರ 2049 ಅನ್ನುವ ಸಂಖ್ಯೆಯೇ ಇಲ್ಲ, ನೇರ 2050. ಹಾಗಿರುವಾಗ 65,536 ಮಟ್ಟಗಳನ್ನು ಮಡಚಿ ಬಿಚ್ಚುವುದು ಹೇಗೆ? ಮೊದಲ ದಿನವೇ ಈ ಪ್ರಶ್ನೆ ಕೇಳಬೇಕಿತ್ತು. ಪಕ್ಕದಲ್ಲೇ ಇನ್ನೊಂದು ಸೊನ್ನೆ ಕಂಡಿತು: ವರ್ಟೆಕ್ಸ್ ಹಂತದಲ್ಲಿ ಟೆಕ್ಸ್ಚರ್ ಓದುವ ಘಟಕಗಳೂ ಸೊನ್ನೆ. ಅಂದರೆ ನೀರಿನ ಮೇಲ್ಮೈಯನ್ನು ನಿಜವಾಗಿ ಏರಿಳಿಸಲೂ ಆಗುವುದಿಲ್ಲ.

ಆಗ ಆ 16,384 ಮತ್ತೆ ನೆನಪಾಯಿತು. ಸೆಕೆಂಡಿಗೆ 60 ಹೆಜ್ಜೆ ಅಂದರೂ ಹತ್ತು ಲಕ್ಷ ಚೌಕವೂ ಆಗುವುದಿಲ್ಲ. ಅಷ್ಟು ಲೆಕ್ಕವನ್ನು ಜಾವಾಸ್ಕ್ರಿಪ್ಟ್ ಸಿಪಿಯುನಲ್ಲೇ ಮಾಡಬಹುದು, ಅದೂ ಪೂರ್ತಿ 32 ಬಿಟ್ ನಿಖರತೆಯಲ್ಲಿ! ಫ್ಲೋಟ್32ಅರೇ ಎರಡು ತೆಗೆದುಕೊಂಡೆ, ಒಂದು ಎತ್ತರಕ್ಕೆ, ಒಂದು ವೇಗಕ್ಕೆ. ಎರಡು ಫಾರ್ ಲೂಪ್. ಅರ್ಧ ಗಂಟೆಯಲ್ಲಿ ಮುಗಿಯಿತು. ಜಿಪಿಯುಗೆ ಉಳಿದದ್ದು ಬಣ್ಣ ಬಳಿಯುವ ಕೆಲಸ.

ಎತ್ತರವನ್ನು 8 ಬಿಟ್ ಮಾಡಿ ಕಳಿಸಿದಾಗ ನೀರಿನ ಮೇಲೆ ಪಟ್ಟೆಗಳು ಕಂಡವು. 256 ಮಟ್ಟಗಳಿಂದ ಇಳಿಜಾರು ಲೆಕ್ಕ ಮಾಡಿದರೆ ಹಾಗೇ ಆಗುತ್ತದೆ. ಅದಕ್ಕೆ ಇಳಿಜಾರನ್ನೂ ಸಿಪಿಯುನಲ್ಲೇ ಲೆಕ್ಕ ಮಾಡಿ, ಅಡ್ಡ ಇಳಿಜಾರು ಕೆಂಪಿನಲ್ಲಿ, ಉದ್ದ ಇಳಿಜಾರು ಹಸಿರಿನಲ್ಲಿ, ಎತ್ತರ ನೀಲಿಯಲ್ಲಿ ಇಟ್ಟು ಕಳಿಸಿದೆ. ಒಂದು ಫ್ರೇಮ್‌ಗೆ 65,536 ಬೈಟ್, ಈ ಟ್ಯಾಬ್‌ಗೆ ಅದು ಭಾರವಲ್ಲ. ನೀರು ಚಪ್ಪಟೆಯೇ, ಆದರೆ ಇಳಿಜಾರಿಗೆ ತಕ್ಕ ಬೆಳಕು–ನೆರಳು ಬಿದ್ದಾಗ ಕಣ್ಣಿಗೆ ಏರಿಳಿತವೇ ಕಾಣುತ್ತದೆ. ಚುಕ್ಕಿಗಳು ಇಲ್ಲಿ 512 ಮಾತ್ರ.

ಕಡಿಮೆ ನಿಖರತೆ ಇನ್ನೊಂದು ಕಡೆ ಕಾಡಿತು. ನೀರಿನ ಮೇಲಿನ ಮಿನುಗಿಗೆ ಪುಟ ತೆರೆದಾಗಿನಿಂದ ಆದ ಸೆಕೆಂಡುಗಳನ್ನು ಶೇಡರ್‌ಗೆ ಕೊಡುತ್ತಿದ್ದೆ. ಒಂದು ನಿಮಿಷ ದಾಟಿದ ಮೇಲೆ ಮಿನುಗು ಕುಂಟತೊಡಗಿತು. 64 ದಾಟಿದ ಮೇಲೆ ಆ ಸಂಖ್ಯೆಗಳು 1/16ರ ಹೆಜ್ಜೆಯಲ್ಲೇ ಸಾಗುತ್ತವೆ. 1024 ದಾಟಿದರೆ, ಅಂದರೆ 17 ನಿಮಿಷಕ್ಕೆ, ಸೆಕೆಂಡಿಗೊಂದು ಹೆಜ್ಜೆ. ಸಮಯವನ್ನು ಜಾವಾಸ್ಕ್ರಿಪ್ಟ್‌ನಲ್ಲೇ ಒಂದು ಸುತ್ತಿಗೆ ಮಡಚಿ, ಸೊನ್ನೆಯಿಂದ ಒಂದರೊಳಗಿನ ಸಂಖ್ಯೆ ಮಾಡಿ ಕೊಟ್ಟೆ. ಈ ಬದಲಾವಣೆಯನ್ನು ಎಲ್ಲ ಆವೃತ್ತಿಗಳಲ್ಲೂ ಮಾಡಿದ್ದೇನೆ.

ಬಿಸಿ ಮತ್ತು ಮರೆವು

ಫೋನ್ ಮೊದಲ ಐದಾರು ನಿಮಿಷ 60 ಫ್ರೇಮ್ ಓಡಿ ಆಮೇಲೆ ಬಿಸಿಯಾಗಿ 35, 50, 40 ಅಂತ ಜಗ್ಗತೊಡಗಿತು. ಒಂದು ಪಾಠ ಅರ್ಧ ಗಂಟೆಯಾದರೂ ನಡೆಯುತ್ತದೆ. ಹಾಗಾಗಿ ಫೋನನ್ನೂ ಪುಟ್ಟ ಟ್ಯಾಬನ್ನೂ ಮೊದಲಿನಿಂದಲೇ 30 ಫ್ರೇಮ್‌ಗೆ ಕಟ್ಟಿದೆ. ಜಗ್ಗುವ 50ಕ್ಕಿಂತ ಅಲುಗದ 30 ಕಣ್ಣಿಗೆ ಎಷ್ಟೋ ಹಿತ. ಫೋನ್ ಪರದೆಯ ಪಿಕ್ಸೆಲ್ ಅನುಪಾತ 3. ಅದನ್ನು 1.5ಕ್ಕೆ ಇಳಿಸಿದರೆ ಬಳಿಯಬೇಕಾದ ಪಿಕ್ಸೆಲ್ ಕಾಲು ಭಾಗವಾಗುತ್ತದೆ. ನೀರಿಗೆ ಅಷ್ಟು ಸಾಕು. ಅಕ್ಷರಗಳು ಎಚ್‌ಟಿಎಂಎಲ್‌ನಲ್ಲಿ ಇರುವುದರಿಂದ ಮಸುಕಾಗುವುದಿಲ್ಲ.

ಮೊಬೈಲ್ ಜಿಪಿಯುಗಳು ಪರದೆಯನ್ನು ಚಿಕ್ಕ ಚಿಕ್ಕ ಟೈಲ್ ಮಾಡಿಕೊಂಡು ಬಳಿಯುತ್ತವೆ. ಪ್ರತಿ ಹಂತದ ಶುರುವಿನಲ್ಲಿ ಕ್ಲಿಯರ್ ಮಾಡಿದರೆ ಹಳೇ ಚಿತ್ರವನ್ನು ಮೆಮರಿಯಿಂದ ತರುವ ಕೆಲಸ ತಪ್ಪುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಬೇಡವೆಂದು ತೆಗೆದಿದ್ದ ಕ್ಲಿಯರ್‌ಗಳನ್ನು ವಾಪಸ್ ಹಾಕಿದೆ.

ಹಳೇ ಸಾಧನಗಳಲ್ಲಿ ಮೆಮರಿ ಕಡಿಮೆ. ಬೇರೆ ಆಪ್‌ಗೆ ಹೋಗಿ ಬಂದರೆ ಕಾಂಟೆಕ್ಸ್ಟ್ (ಪುಟಕ್ಕೂ ಜಿಪಿಯುಗೂ ಇರುವ ಕೊಂಡಿ) ಕಳೆದುಹೋಗಿರುತ್ತದೆ. ‘ವೆಬ್‌ಜಿಎಲ್ ಕಾಂಟೆಕ್ಸ್ಟ್ ಲಾಸ್ಟ್’ ಘಟನೆ ಬಂದಾಗ ಪ್ರಿವೆಂಟ್‌ಡಿಫಾಲ್ಟ್ ಕರೆಯದಿದ್ದರೆ ಅದು ಮತ್ತೆ ಮರಳುವುದಿಲ್ಲ. ಅದನ್ನು ಸೇರಿಸಿ, ಮರಳಿದಾಗ ಟೆಕ್ಸ್ಚರ್, ಬಫರ್, ಶೇಡರ್ ಎಲ್ಲ ಹೊಸದಾಗಿ ಕಟ್ಟುವಂತೆ ಮಾಡಿದೆ. ಪರೀಕ್ಷಿಸಲು ಕಾಂಟೆಕ್ಸ್ಟನ್ನು ಬೇಕೆಂದೇ ಬೀಳಿಸುವ ಎಕ್ಸ್‌ಟೆನ್ಷನ್ ಇದೆ, ಲ್ಯಾಪ್‌ಟಾಪ್‌ನಲ್ಲೇ ನೋಡಬಹುದು. ಮಗು ಇಟ್ಟ ಅಲೆಯ ಮೂಲಗಳು ಜಾವಾಸ್ಕ್ರಿಪ್ಟ್‌ನಲ್ಲಿ ಉಳಿದಿರುತ್ತವೆ, ಹಾಗಾಗಿ ನೀರು ಎರಡೇ ಕ್ಷಣದಲ್ಲಿ ಮತ್ತೆ ಏಳುತ್ತದೆ.

ಅಳತೆ ಪಟ್ಟಿ

ಕೊನೆಯ ಪರೀಕ್ಷೆಗೆ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟೆ. ತರಂಗಾಂತರ ತೊಟ್ಟಿಯ ಹತ್ತನೇ ಒಂದು ಭಾಗ, ಎರಡು ಮೂಲ, ಒಂದೇ ಜಾಗದಲ್ಲಿ. ಮೂಲಗಳ ನಡುವಿನ ಗೆರೆಯ ಮೇಲೆ ನೀರು ನಿಲ್ಲುವ ಜಾಗಗಳು ಅರ್ಧ ತರಂಗಾಂತರಕ್ಕೆ ಒಂದರಂತೆ ಬರಬೇಕು, ಅಂದರೆ ತೊಟ್ಟಿಯ ಇಪ್ಪತ್ತನೇ ಒಂದು ಭಾಗ. ದೊಡ್ಡ ಟ್ಯಾಬ್‌ನಲ್ಲಿ ತೊಟ್ಟಿ 16 ಸೆಂಟಿಮೀಟರ್ ಅಗಲ ಕಾಣುತ್ತದೆ, ಫೋನ್‌ನಲ್ಲಿ 6, ಪುಟ್ಟ ಟ್ಯಾಬ್‌ನಲ್ಲಿ 9. ಹಾಗಾದರೆ 8, 3, 4.5 ಮಿಲಿಮೀಟರ್ ಸಿಗಬೇಕು. ಒಂದೊಂದೇ ಜಾಗ ಅಳೆದರೆ ಕಣ್ಣು ತಪ್ಪುತ್ತದೆ ಅಂತ ಸಾಲಾಗಿ ನಾಲ್ಕು ಅಂತರಗಳನ್ನು ಒಟ್ಟಿಗೆ ಅಳೆದೆ.

ದೊಡ್ಡ ಟ್ಯಾಬ್: 32 ಮಿಲಿಮೀಟರ್. ಫೋನ್: 12. ಪುಟ್ಟ ಟ್ಯಾಬ್‌ನ ಗಾಜಿನ ಮೇಲೆ ಒಂದು ಗೀರು ಇದೆ, ಅದು ಸರಿಯಾಗಿ ಅಳತೆಯ ಜಾಗದಲ್ಲೇ ಬರುತ್ತಿತ್ತು. ಟ್ಯಾಬನ್ನು ತಿರುಗಿಸಿ ಇಟ್ಟು ಅಳೆದೆ. 18.

ನಾಳೆ ಮೂರನ್ನೂ ಸ್ನೇಹಿತೆಗೆ ವಾಪಸ್ ಕೊಡುತ್ತೇನೆ. ಎರಡು ಬೆರಳಿಟ್ಟಾಗ ಪುಟ್ಟ ಟ್ಯಾಬ್ ಕೆಲವೊಮ್ಮೆ ಎರಡನೆಯ ಬೆರಳನ್ನು ತಡವಾಗಿ ಗುರುತಿಸುತ್ತದೆ. ಅದನ್ನು ಮುಂದಿನ ವಾರ ನೋಡಬೇಕು.